ನೀರಿನೊಳಗೆ ಇಂಗಾಲದ ಯಾತ್ರೆ

ಸಹ್ಯಾದ್ರಿಯಲ್ಲಿ ಹುಟ್ಟಿ ನಮ್ಮ ಪಿಂಪ್ರಿ-ಚಿಂಚವಾಡದ ನಡುವೆ ಹರಿಯುವ ಪವನಾ ನದಿಯು ಬೇಸಗೆ ಬಂತೆಂದರೆ ಅಲ್ಲಲ್ಲಿ ಹಸುರು ಹಾಸನ್ನು ಹೊದ್ದಂತೆ ಕಾಣುತ್ತದೆ. ಮರಾಠಿಯಲ್ಲಿ ಜಲಪರ್ಣಿ ಎನ್ನುವ ಈ ತೇಲುಗಿಡವನ್ನು ಕನ್ನಡ ನಾಡಿನ ಜನ ಅಂತರಗಂಗೆ ಎನ್ನುವುದುಂಟು. ಇದರ ತವರು ದಕ್ಷಿಣ ಅಮೆರಿಕ. ಕಣ್ಣಿಗೆ ಈ ಹಸುರು ಹಿತವೆನಿಸಿದರೂ ಅದರ ಕೆಳಗೆ ನಡೆಯುವ ವ್ಯಾಪಾರವು ಹಿತಕರವಾದುದಲ್ಲ. ಅದನ್ನು ತಿಳಿಯಬೇಕಾದರೆ ನೀರಿನೊಳಗೆ ಇಂಗಾಲವು ಕೈಕೊಳ್ಳುವ ಯಾತ್ರೆಯನ್ನು ಅರಿಯಬೇಕು.

ಗಿಡದ ಒಡಲೆಲ್ಲ ಮಣ್ಣಿನಿಂದಲೇ ಆದುದೆಂದು ಹಲವರು ಭಾವಿಸುತ್ತಾರೆ. ಆದರೆ ಒಣಗಿಸಿದ ಗಿಡದ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಂಗಾಲವೇ. ಅದು ಬಂದುದು ಗಾಳಿಯಲ್ಲಿಯೂ ನೀರಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡಿನಿಂದ. ಎಲೆಯು ಬಿಸಿಲಿನ ಬಲದಿಂದ ಆ ಇಂಗಾಲವನ್ನು ಆಹಾರವಾಗಿ ಕಟ್ಟಿಕೊಂಡು ಆಮ್ಲಜನಕವನ್ನು ಹೊರಬಿಡುತ್ತದೆ.

ಆಳವಿಲ್ಲದ ಸರೋವರಗಳಲ್ಲಿ ಬೆಳಕು ತಳದವರೆಗೂ ಇಳಿಯುವುದರಿಂದ ಅಲ್ಲಿ ನೀರಿನೊಳಗೇ ಬೆಳೆಯುವ ಗಿಡಗಳು ಸಮೃದ್ಧ. ಸಮುದ್ರಮಟ್ಟದಿಂದ ಸುಮಾರು 1,580 ಮೀಟರು ಎತ್ತರದಲ್ಲಿರುವ ಶ್ರೀನಗರದ ದಾಲ್ ಸರೋವರ ಇದಕ್ಕೆ ನಿದರ್ಶನ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಉಷ್ಣತೆ ಒಂದೇ ಆಗಿದ್ದರೆ, ಒತ್ತಡ ಇಳಿದಷ್ಟೂ ನೀರಿನಲ್ಲಿ ಕರಗುವ ಅನಿಲವೂ ಕಡಿಮೆ. ಆದುದರಿಂದ ಮುಳುಗಿದ ಗಿಡಗಳು ಹಗಲಿನಲ್ಲಿ ನೀರಿಗೆ ಒದಗಿಸುವ ಆಮ್ಲಜನಕವು ಅಲ್ಲಿನ ಜೀವಿಗಳಿಗೆ ಬಹು ಬೆಲೆಯುಳ್ಳದ್ದು. ಗಿಡಗಳೂ ಮೀನುಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ನೀರಿಗೆ ಮರಳಿಸುತ್ತವೆ. ಸತ್ತ ಎಲೆಗಳಲ್ಲಿ ಕೆಲಭಾಗ ಕೆಸರಿನಲ್ಲಿ ಹೂತುಹೋಗಿ, ಅವುಗಳ ಇಂಗಾಲವು ಬಹುಕಾಲ ಅಲ್ಲಿಯೇ ಉಳಿಯುತ್ತದೆ. ಹೀಗೆ ಸರೋವರದ ಲೆಕ್ಕದಲ್ಲಿ ಆಯ, ವ್ಯಯ, ಉಳಿತಾಯ ಮೂರೂ ಉಂಟು.

ಚರಂಡಿಯ ನೀರು ಸೇರಿತೆಂದರೆ ಈ ಲೆಕ್ಕ ತಪ್ಪುತ್ತದೆ. ದಾಲ್ ಸರೋವರಕ್ಕೂ ಈ ಬಾಧೆ ತಪ್ಪಿಲ್ಲ. ಕೊಳೆನೀರಿನ ಸಾರಜನಕ, ರಂಜಕಗಳನ್ನುಂಡು ಅಂತರಗಂಗೆಯಂತಹ ಗಿಡಗಳು ಕೊಬ್ಬುತ್ತವೆ. ಅವು ಇಂಗಾಲವನ್ನು ಗಾಳಿಯಿಂದ ಕೊಂಡು ಆಮ್ಲಜನಕವನ್ನು ಗಾಳಿಗೇ ಬಿಡುತ್ತವೆ. ನೀರಿಗೆ ದೊರೆಯುವುದು ಕತ್ತಲೆ. ಬೆಳಕಿಲ್ಲದೆ ಒಳಗಿನ ಗಿಡಗಳು ಸಾಯುತ್ತವೆ; ಅವು ಕೊಳೆಯುವಾಗ ಉಳಿದಿದ್ದ ಆಮ್ಲಜನಕವೂ ಮುಗಿಯುತ್ತದೆ. ಆಗ ಆಮ್ಲಜನಕದ ಹಂಗಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಮಿಥೇನ್ ಎಂಬ ಉರಿಯುವ ಅನಿಲವನ್ನು ಹುಟ್ಟಿಸುತ್ತವೆ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಸರೋವರವೊಂದರ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳಿಂದ ಸಂಗ್ರಹಿಸಿದುದು ಇದೇ ಅನಿಲವನ್ನು. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ, ಸಮತೂಕದ ಇಂಗಾಲದ ಡೈಆಕ್ಸೈಡಿಗಿಂತ ಇದು ಭೂಮಿಯನ್ನು ಸುಮಾರು 27 ಪಟ್ಟು ಹೆಚ್ಚು ಕಾಯಿಸುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯು ಇದಕ್ಕೆ ಕಣ್ಣೆದುರಿನ ಪಾಠ. ನಗರದ ಕೊಳೆನೀರು ಬಂದು ಸೇರಿದ ಆ ಕೆರೆಯಲ್ಲಿ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಣಗಿದ ಜೊಂಡು, ಕಸ, ಮಿಥೇನ್ ಇವು ಅದಕ್ಕೆ ಕಾರಣಗಳೆಂದು ಹೇಳಲಾಯಿತು. ನೀರೇ ಉರಿಯಿತೆಂದು ಜನ ಬೆರಗಾದರು; ಉರಿದುದು ಮಾತ್ರ ನೀರಲ್ಲ, ದಾರಿ ತಪ್ಪಿದ ಇಂಗಾಲ.

ಪವನೆಯಲ್ಲಿ ಬೆಳೆದ ಜಲಪರ್ಣಿಯನ್ನು ಮಹಾನಗರಪಾಲಿಕೆಯು ತೆಗೆಸುತ್ತದೆ. ಅದು ಕೊಳೆಯುವ ಮೊದಲೇ ತೆಗೆದರೆ ಮಿಥೇನಿಗೆ ಮೇವು ತಪ್ಪುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿದರೆ ಅದೇ ಅನಿಲವು ಒಲೆಗೆ ಉರುವಲಾದೀತು. ಆದರೆ ಕೊಳೆನೀರು ಶುದ್ಧವಾಗದೆ ನದಿಗೆ ಇಳಿಯುತ್ತಿರುವವರೆಗೆ, ತೆಗೆದ ಗಿಡ ಮತ್ತೆ ಚಿಗುರುತ್ತಲೇ ಇರುತ್ತದೆ.