ಹೆಡ್ ಬುಡದ ಚಿಟ್ ಚಿಟ್ ಸದ್ದು: ಬೈಕಿನ ಸೈಲೆನ್ಸರ್ ಸೋರಿಕೆ ಮತ್ತು ಮನೆ ರಿಪೇರಿ

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮುಂಭಾಗದಿಂದ ಚಿಟ್ ಚಿಟ್ ಎಂಬ ಒಣ ಸದ್ದು. ಆಕ್ಸಿಲರೇಟರ್ ತಿರುವಿದರೆ ಜೋರಾಗುತ್ತದೆ, ಏರುದಾರಿಯಲ್ಲಿ ಇನ್ನೂ ಜೋರು. ಒಂದೆರಡು ಕಿಲೋಮೀಟರ್ ಓಡಿಸುವಷ್ಟರಲ್ಲಿ ಅರ್ಧಕ್ಕರ್ಧ ಅಡಗಿರುತ್ತದೆ. ಬಹಳ ಮಂದಿ ಇದನ್ನು ಟ್ಯಾಪೆಟ್ ಸದ್ದೆಂದು ತಿಳಿದು ಹೆಡ್ ಕವರ್ ಬಿಚ್ಚಿಸುತ್ತಾರೆ. ಟ್ಯಾಪೆಟ್ ಸದ್ದು ಲೋಹಕ್ಕೆ ಲೋಹ ಬಡಿಯುವುದು; ಎಂಜಿನ್ನಿನ ಮೇಲೆ ಭಾರ ಬಿದ್ದರೂ ಅದರಲ್ಲಿ ಹೆಚ್ಚು ಏರಿಳಿತ ಇರದು. ಸೋರಿಕೆಯ ಸದ್ದು ಬಿಸಿ ಹೊಗೆ ಸಂದಿಯಿಂದ ಚಿಮ್ಮುವುದು. ಪೈಪು ಕಾಯ್ದು ಹಿಗ್ಗಿದಾಗ ಸಂದಿ ಕಿರಿದಾಗುವುದರಿಂದ ಸದ್ದೂ ತಗ್ಗುತ್ತದೆ. ಎಂಜಿನ್ ಬಿಚ್ಚುವ ಮೊದಲು ಸೈಲೆನ್ಸರಿನ ಜೋಡಣೆಯನ್ನು ನೋಡಬೇಕು ಎನ್ನುವುದು ಇದಕ್ಕೇ. ಅಲ್ಲಿ ಹಾಳಾಗಿರುವುದು ಹೆಚ್ಚಿನ ಸಲ ಅಗ್ಗದ ಒಂದು ಗ್ಯಾಸ್ಕೆಟ್.

ಇಲ್ಲಿ ಹೇಳುವುದು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ, ಸ್ಪ್ಲೆಂಡರ್‌ನಂಥ ಒಂದೇ ಸಿಲಿಂಡರಿನ 100–125 ಸಿಸಿ ಗಾಡಿಗಳ ಮಾತು. ಇಂಥ ಎಂಜಿನ್ ನಿಮಿಷಕ್ಕೆ 1,400 ಸುತ್ತಿನಂತೆ ಐಡ್ಲಿಂಗ್‌ನಲ್ಲಿದ್ದರೆ, ಎರಡು ಸುತ್ತಿಗೊಮ್ಮೆ ಹೊಗೆ ಹೊರದೂಡುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 12 ಸಲ. ಒಂದೊಂದು ದೂಡುವಿಕೆಯ ಬೆನ್ನಿಗೇ ಪೈಪಿನೊಳಗೆ ಒತ್ತಡ ಕುಸಿಯುತ್ತದೆ. ಆ ಕ್ಷಣದಲ್ಲಿ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೋರಿಕೆ ಎಂದರೆ ಒಳಗಿದ್ದದ್ದು ಹೊರಗೆ ಬರುವುದು ಮಾತ್ರ ಎಂದುಕೊಂಡರೆ ಅರ್ಧ ವಿಷಯ ಬಿಟ್ಟುಹೋದಂತೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟ್ ಪಟ್ ಎನ್ನುವುದು ಹೀಗೆ ಒಳಬಂದ ಗಾಳಿಯಿಂದಲೇ. ಪೂರ್ತಿ ಉರಿಯದ ಪೆಟ್ರೋಲ್ ಆವಿಗೆ ಅದು ತಗುಲಿ ಪೈಪಿನೊಳಗೆ ಹೊತ್ತಿಕೊಳ್ಳುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ನಷ್ಟವಿದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಸೆನ್ಸರ್ ಬೆಂಡ್ ಪೈಪಿನ ಬಳಿಯೇ ಕೂತಿರುತ್ತದೆ. ಸಂದಿಯಿಂದ ನುಗ್ಗಿದ ಗಾಳಿಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಪೆಟ್ರೋಲ್ ಸಾಲದಾಗಿದೆ ಎಂದು ಭಾವಿಸುವ ಇಸಿಯು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬಿತ್ತು, ಏಕೆಂದು ಗೊತ್ತಾಗುತ್ತಿಲ್ಲ ಎನ್ನುವವರು ಸೋರಿಕೆಯನ್ನೂ ಒಮ್ಮೆ ಅನುಮಾನಿಸಬೇಕು.

ಹುಡುಕುವ ಕೆಲಸಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು, ಗಾಡಿ ಬಯಲಿನಲ್ಲಿರಬೇಕು. ಬಾಗಿಲು ಹಾಕಿದ ಶೆಡ್ಡಿನಲ್ಲಿ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕಾಲು ಏಳದಂತಾಗಿರಬಹುದು.

ಮೊದಲು ಸ್ಟಾರ್ಟ್ ಮಾಡದೆ ಟಾರ್ಚ್ ಹಿಡಿದು ನೋಡಿ. ಬೆಂಡ್ ಪೈಪು ಹೆಡ್ಡಿಗೆ ಸೇರುವ ಕಡೆ ಅಲ್ಯೂಮಿನಿಯಂ ಮೇಲೆ ಬೀಸಣಿಗೆಯಂತೆ ಹರಡಿದ ಒಣ ಮಸಿ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಬೆರಳಿಗೆ ಪುಡಿಯಾಗಿ ಅಂಟಿದರೆ ಹೊಗೆಯ ಮಸಿ. ಜಿಡ್ಡು ಜಿಡ್ಡಾಗಿದ್ದರೆ ಅದು ಆಯಿಲ್ ಸೋರಿಕೆ, ಬೇರೆ ಕಾಯಿಲೆ. ಆಮೇಲೆ ಸ್ಟಾರ್ಟ್ ಮಾಡಿ, ಪೈಪು ಕಾಯುವ ಮೊದಲ ಅರ್ಧ ನಿಮಿಷದೊಳಗೆ ಜೋಡಣೆಯ ಸುತ್ತ ಕೈಯನ್ನು ನಾಲ್ಕು ಬೆರಳು ದೂರದಲ್ಲಿ ಆಡಿಸಿ. ಸೋರುವ ಕಡೆ ಚರ್ಮಕ್ಕೆ ಉಸಿರು ತಾಗಿದಂತೆ ಮಿಡಿತ ಗೊತ್ತಾಗುತ್ತದೆ. ಹಚ್ಚಿದ ಊದುಬತ್ತಿಯ ಹೊಗೆ ಆ ಜಾಗದಲ್ಲಿ ನೆಟ್ಟಗೆ ಏಳದೆ ಚದುರಿಹೋಗುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಊದುಬತ್ತಿಯನ್ನು ಹತ್ತಿರ ತರಬೇಡಿ. ಇಷ್ಟಕ್ಕೂ ಸಿಗದಿದ್ದರೆ ದಪ್ಪ ಒದ್ದೆ ಬಟ್ಟೆ ಮಡಚಿ ಸೈಲೆನ್ಸರಿನ ಬಾಲವನ್ನು ಎರಡು ಸೆಕೆಂಡ್ ಅದುಮಿ ಹಿಡಿಯಿರಿ. ಎಲ್ಲ ಬಿಗಿಯಾಗಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲಲು ನೋಡುತ್ತದೆ. ಸೋರುತ್ತಿದ್ದರೆ ಬುಸ್ ಎಂಬ ಸದ್ದು ತಾನೇ ಜಾಗ ತೋರಿಸುತ್ತದೆ.

ಬಿಚ್ಚುವುದೇ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಬೆಂಡ್ ಪೈಪನ್ನು ಹಿಡಿದಿರುವುದು ಹೆಡ್ಡಿನಿಂದ ಹೊರಚಾಚಿದ ಎರಡು ಸಣ್ಣ ಸ್ಟಡ್ಡುಗಳು. ಬಿಸಿ, ಮಳೆನೀರು, ಕೆಸರು ಮೂರೂ ಅವುಗಳ ಮೇಲೇ ಬೀಳುವುದರಿಂದ ನಟ್ಟು ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಯಾದರೆ ಕೇಳುವುದೇ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ, ಬೆಳಗ್ಗೆ ಇನ್ನೊಮ್ಮೆ ಬಿಡಿ. ಬಾಯಿ ಸ್ಪ್ಯಾನರ್ ಬೇಡ; ನಟ್ಟಿನ ಮೂಲೆ ತಿಂದುಬಿಡುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್ ಹಾಕಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 10ನೇ ನಂಬರ್. ಕಾಲು ಸುತ್ತು ಸಡಿಲಿಸಿ, ಅರ್ಧದಷ್ಟು ಮತ್ತೆ ಬಿಗಿ ಮಾಡಿ, ಎಣ್ಣೆ ಬಿಟ್ಟು ಮುಂದುವರಿಯಿರಿ. ಒಂದೇ ಏಟಿಗೆ ಜಗ್ಗಿದರೆ ಸ್ಟಡ್ ತುಂಡಾಗಿ ಅಲ್ಯೂಮಿನಿಯಂ ಹೆಡ್ಡಿನಲ್ಲೇ ಉಳಿಯುತ್ತದೆ, ಆಗ ಲೇತ್ ಅಂಗಡಿಯೇ ಗತಿ. ನಟ್ಟು ಸ್ಪ್ರಿಂಗಿನಂತೆ ಎಳೆದು ಹಿಂದಕ್ಕೆ ಬರುತ್ತಿದೆ ಅನ್ನಿಸಿದರೆ ಸ್ಟಡ್ ತಿರುಚುತ್ತಿದೆ ಎಂದು ತಿಳಿಯಿರಿ. ಅಲ್ಲಿಗೇ ನಿಲ್ಲಿಸಿ.

ಎರಡೂ ನಟ್ಟು ಬಂದ ಮೇಲೆ ಹಿಂಭಾಗದ ಬೋಲ್ಟ್ ತೆಗೆದು ಸೈಲೆನ್ಸರನ್ನು ಕೆಳಗಿಳಿಸಿ. ಬಿಎಸ್-6 ಗಾಡಿಯಾದರೆ ಅದಕ್ಕೂ ಮೊದಲು ಸೆನ್ಸರಿನ ವೈರಿನ ಕಪ್ಲರ್ ಬಿಡಿಸಿರಬೇಕು. ಹಳೇ ಗ್ಯಾಸ್ಕೆಟ್ ಹೆಡ್ಡಿನ ತೂತಿನ ಒಳಗೇ ಅಂಟಿ ಕೂತಿರುತ್ತದೆ. ಮಸಿಯ ಬಣ್ಣಕ್ಕೆ ಬೆರೆತು ಲೋಹದ ಭಾಗವೇ ಎನಿಸುವಷ್ಟು. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡೂ ಸೇರಿ ಸೋರುತ್ತವೆ. ಸಣ್ಣ ಸ್ಕ್ರೂಡ್ರೈವರಿನಿಂದ ಅಂಚು ಮೀಟಿ ತೆಗೆಯಿರಿ, ಅಲ್ಯೂಮಿನಿಯಂ ಗೀರದಿರಲಿ. ಹಳೆಯ ಕಾಲದ ಗ್ಯಾಸ್ಕೆಟ್ಟುಗಳಲ್ಲೂ ಜೋಡಣೆಗೆ ಸುತ್ತುವ ಬಿಳಿ ದಾರದಲ್ಲೂ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವಂಥದ್ದು. ಆದ್ದರಿಂದ ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು, ಒಣಗಿದ್ದಾಗ ಎಮರಿ ಪೇಪರ್ ಉಜ್ಜಬಾರದು, ಬಾಯಿಂದ ಊದಲೂಬಾರದು.

ಹೊಸ ಗ್ಯಾಸ್ಕೆಟ್ ಕೆಳಕ್ಕೆ ಬೀಳದಿರಲು ಚೂರು ಗ್ರೀಸ್ ಸವರಿ ಕೂರಿಸಿ. ಮೊದಲ ಓಟದಲ್ಲಿ ಅದು ಸುಟ್ಟು ಸ್ವಲ್ಪ ಹೊಗೆ ಬರುತ್ತದೆ, ಗಾಬರಿ ಬೇಡ. ಇನ್ನು ಬಿಗಿಯುವ ಕ್ರಮ. ಹೆಡ್ಡಿನ ಎರಡು ನಟ್ಟು ಕೈಯಲ್ಲಿ, ಹಿಂದಿನ ಬೋಲ್ಟ್ ಕೈಯಲ್ಲಿ. ನಂತರ ಹೆಡ್ಡಿನ ನಟ್ಟುಗಳನ್ನು ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು ಎಂದು ಸರದಿಯಲ್ಲಿ ಬಿಗಿಯಬೇಕು. ಕೊನೆಗೇ ಹಿಂದಿನ ಬೋಲ್ಟ್. ಹಿಂದಿನದನ್ನು ಮೊದಲು ಬಿಗಿದರೆ ಪೈಪು ಓರೆಯಾಗಿ ಎಳೆದುಕೊಂಡೇ ಇರುತ್ತದೆ. ಗ್ಯಾಸ್ಕೆಟ್ ಒಂದು ಬದಿಯಲ್ಲಿ ಮಾತ್ರ ಅದುಮಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಚಿಟ್ ಚಿಟ್. ಒಮ್ಮೆ ಓಡಿಸಿ, ಪೂರ್ತಿ ತಣಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ಗ್ಯಾಸ್ಕೆಟ್ ಅದುಮಿಕೊಂಡಿರುವುದರಿಂದ ಅವು ತುಸು ಸಡಿಲವಾಗಿರುತ್ತವೆ.

ಸೋರಿಕೆ ಜೋಡಣೆಯಲ್ಲಿಲ್ಲದೆ ಸೈಲೆನ್ಸರಿನ ಹೊಟ್ಟೆಯಲ್ಲಿದ್ದರೆ ಕಾರಣ ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಅಂಗಡಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಸೈಲೆನ್ಸರ್ ಕಾಯುವುದೇ ಇಲ್ಲ. ಆ ನೀರು ತಳದಲ್ಲಿ ನಿಂತು ಒಳಗಿನಿಂದಲೇ ತಗಡು ತಿನ್ನುತ್ತದೆ. ನಲ್ಲಿಗೆ ಹಚ್ಚುವ ಎಪಾಕ್ಸಿ ಈ ಬಿಸಿಗೆ ಉಳಿಯದು. ಸೈಲೆನ್ಸರಿಗೆಂದೇ ಮಾರುವ ಪುಟ್ಟಿ ಊರು ಮುಟ್ಟಿಸುವಷ್ಟು ಆಸರೆ ಕೊಟ್ಟೀತು; ಖಾಯಂ ಪರಿಹಾರ ವೆಲ್ಡಿಂಗ್. ಅದಕ್ಕೆ ಸೈಲೆನ್ಸರನ್ನು ಗಾಡಿಯಿಂದ ಬಿಚ್ಚಿಯೇ ಒಯ್ಯಿರಿ. ಗಾಡಿಯ ಮೇಲೇ ಆರ್ಕ್ ಹೊಡೆದರೆ ಇಸಿಯು ಸುಟ್ಟುಹೋಗಬಹುದು. ಹಾಗೆ ಒಯ್ಯುವ ಮೊದಲು ತೂತನ್ನು ಸರಿಯಾಗಿ ನೋಡಿಕೊಳ್ಳಿ. ಎಷ್ಟೋ ಸೈಲೆನ್ಸರುಗಳ ತಳದಲ್ಲಿ, ಹಿಂತುದಿಯ ಹತ್ತಿರ, ಸೂಜಿ ಗಾತ್ರಕ್ಕಿಂತ ತುಸು ದೊಡ್ಡದಾದ, ಅಂಚು ನಯವಾಗಿ ದುಂಡಗಿರುವ ಒಂದು ರಂಧ್ರವನ್ನು ಕಂಪನಿಯೇ ಕೊರೆದಿರುತ್ತದೆ. ನಿಂತ ನೀರು ಹರಿದುಹೋಗಲು ಇರುವ ದಾರಿ ಅದು, ಅದನ್ನು ಮುಚ್ಚಿಸಬೇಡಿ.