ಆಡು-ಹುಲಿ: ಬಡವರ ಯುದ್ಧನೀತಿ

ರಾತ್ರಿ ಗಲ್ಲಾ ಮುಚ್ಚಿದ ಬಳಿಕ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ಗೆರೆಯೆಳೆದು ಆಡು-ಹುಲಿ ಆಡಿದ ನೆನಪು ನಮ್ಮ ವಾಚಕರಲ್ಲಿ ಅನೇಕರಿಗೆ ಇದ್ದೀತು. ಹುಣಿಸೆಬೀಜಗಳೇ ಆಡು, ಸೋಡಾ ಬಾಟಲಿಯ ಮುಚ್ಚಳಗಳೇ ಹುಲಿ. ಕಾಲಹರಣದ ಆಟವೆಂದು ಹಿರಿಯರು ಗದರುತ್ತಿದ್ದುದೂ ಉಂಟು. ಆದರೆ ಹಂಪೆಯಲ್ಲಿಯೂ ಇತರ ಹಳೆಯ ದೇವಾಲಯಗಳಲ್ಲಿಯೂ ಕಲ್ಲುಹಾಸಿನ ಮೇಲೆ ಕೆತ್ತಿರುವ ಇಂಥ ಆಟದ ಮನೆಗಳನ್ನು ಕಂಡವರು, ಇದನ್ನು ಕೇವಲ ಹುಡುಗಾಟವೆನ್ನಲಾರರು.

ಚದುರಂಗದಲ್ಲಿ ಉಭಯ ಪಕ್ಷಗಳ ಬಲವೂ ಸಮಾನ. ಇಲ್ಲಿ ಹಾಗಲ್ಲ. ಊರೂರಿಗೆ ನಿಯಮ ಭಿನ್ನವಾದರೂ, ಬಹುಪರಿಚಿತವಾದ ಒಂದು ಪದ್ಧತಿಯಲ್ಲಿ 23 ಮನೆ, 3 ಹುಲಿ, 15 ಆಡು. ಪಕ್ಕದ ಆಡಿನ ಆಚೆಯ ಮನೆ ಬರಿದಾಗಿದ್ದರೆ ಹುಲಿಯು ನೇರವಾಗಿ ಹಾರಿ ಆ ಆಡನ್ನು ಕಬಳಿಸುತ್ತದೆ. ಆಡಿಗೆ ಕೊಲ್ಲುವ ಶಕ್ತಿಯಿಲ್ಲ. ಹದಿನೈದನ್ನೂ ಹೂಡುವ ತನಕ ಕದಲುವ ಸ್ವಾತಂತ್ರ್ಯವೂ ಇಲ್ಲ. ಆದಾಗ್ಯೂ ಬಲ್ಲವನ ಕೈಯಲ್ಲಿ ಆಡುಗಳು ಗೆಲ್ಲುತ್ತವೆ. ಅದು ಹೇಗೆ?

ಮೊದಲನೆಯದಾಗಿ, ಎರಡು ಪಕ್ಷಗಳ ಗುರಿ ಒಂದೇ ಅಲ್ಲ. ಹುಲಿ ತಿಂದು ಗೆಲ್ಲಬೇಕು. ಆಡು, ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಮಾಡಿ ಗೆಲ್ಲಬೇಕು. ಹದಿನೆಂಟು ಕಾಯಿಗಳೂ ಕುಳಿತರೆ ಉಳಿಯುವ ಬರಿಯ ಮನೆಗಳು ಐದೇ. ಒಂದು ಆಡು ಸತ್ತರೆ ಅವು ಆರಾಗುತ್ತವೆ. ಹುಲಿಗೆ ದೊರೆಯುವ ನಿಜವಾದ ಲಾಭ ಆ ತೆರಪು.

ಎರಡನೆಯದಾಗಿ, ಗೆರೆಗಳೆಲ್ಲ ಕೊನೆಗೊಳ್ಳುವ ಮೂಲೆಯಲ್ಲಿ ಕುಳಿತ ಆಡನ್ನು ಹಾರಲಾಗದು, ಏಕೆಂದರೆ ಅದರಾಚೆ ಮನೆಯೇ ಇಲ್ಲ. ಅಲ್ಲಿಂದ ಆರಂಭಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಇಡುತ್ತ ಒಳಕ್ಕೆ ಬರಬೇಕು. ಒಂಟಿಯಾಗಿ ನಡುಮನೆಗೆ ನುಗ್ಗಿದ ಆಡು ಹುಲಿಯ ಊಟವೇ ಸರಿ.

ಮೂರನೆಯದು, ಆಮಿಷ. ಚತುರನಾದವನು ಒಂದು ಆಡನ್ನು ಬಲಿಗೊಟ್ಟು ಹುಲಿಯನ್ನು ಮೂಲೆಗೆ ಸೆಳೆದು, ಹಿಂದಿನ ದಾರಿಗಳನ್ನು ಮುಚ್ಚಿಬಿಡುತ್ತಾನೆ. ಬಲಶಾಲಿಯಾದ ಹುಲಿಗಿರುವ ಬುದ್ಧಿಮಾತೂ ಇದೇ: ಹಸಿವನ್ನು ತಡೆದು, ಅನೇಕ ದಾರಿಗಳು ಕೂಡುವ ನಡುವನ್ನು ಬಿಡದಿರುವುದು.

ದೂರದ ಉತ್ತರ ದೇಶದಲ್ಲಿಯೂ ಇಂಥದೊಂದು ಆಟವಿತ್ತು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸನು 1732ರಲ್ಲಿ ಲ್ಯಾಪ್‌ಲ್ಯಾಂಡಿನಲ್ಲಿ ಸಂಚರಿಸುವಾಗ ‘ತಬ್ಲುತ್’ ಎಂಬ ಆಟದ ವಿವರವನ್ನು ಬರೆದಿಟ್ಟನು. 81 ಮನೆಗಳ ನಡುವೆ ಒಬ್ಬ ರಾಜ, ಅವನ 8 ಮಂದಿ ಸ್ವೀಡರು. ಸುತ್ತಲೂ 16 ಮಂದಿ ಮಾಸ್ಕೋದವರು. ಅಲ್ಲಿಯೂ ರಾಜನ ಕಡೆಯವರು ವೈರಿಗಳನ್ನೆಲ್ಲ ನಿರ್ನಾಮ ಮಾಡಬೇಕಿಲ್ಲ. ರಾಜನು ಅಂಚನ್ನು ತಲಪಿದರೆ ಸಾಕು.

ಗೆಲುವೆಂದರೆ ತನ್ನ ಪಾಲಿಗೆ ಏನೆಂಬುದನ್ನು ಅರಿಯದವನು, ಹುಲಿಯಾದರೂ ಸೋಲುತ್ತಾನೆ. ಈ ಮಾತನ್ನು ನಾನು ಬೆಲೆ ತೆತ್ತು ಕಲಿತೆನು. ನಡೆಯುತ್ತಿದ್ದ ಒಂದು ಹೋಟೆಲಿನ ಜೊತೆಗೆ ಸ್ಟೇಷನ್ನಿನ ಬಳಿ ಇನ್ನೊಂದನ್ನು ತೆರೆಯುವ ಆಸೆಯಾಯಿತು. ಕೈಯಲ್ಲಿದ್ದುದೆಲ್ಲ ಪಗಡಿಗೆ ಸಂದಿತು. ಹಾಲಿನವನಿಗೂ ಕಿರಾಣಿಯವನಿಗೂ ಕೊಡಲು ಉಳಿಯಲಿಲ್ಲ. ಹನ್ನೊಂದು ತಿಂಗಳಲ್ಲಿ ಎರಡೂ ಕೈಬಿಟ್ಟವು. ಬಾಗಿಲು ಮುಚ್ಚಿದ ರಾತ್ರಿ ನಮ್ಮ ಅಡುಗೆಯ ಭಟ್ಟರು, “ಹುಲಿ ಮೂಲೆಗೆ ಹಾರಿತಲ್ಲ ಧಣಿ” ಎಂದರು.

“ಹಾರುವ ಮೊದಲೇ ಹೇಳಬಾರದಿತ್ತೇ ಭಟ್ರೇ?” ಎಂದೆ.

“ಆಗ ನೀವು ನಮ್ಮೊಡನೆ ಆಡಲು ಕೂರುತ್ತಿರಲಿಲ್ಲ” ಎಂದರು.