ಒಂದು ವಾಟೂ ಇಲ್ಲದ ಸದ್ದು

ಬುಲೆಟ್ ಓಡಿಸುವ ಹುಡುಗರಿಗೆ ಇಂದೋರಿ, ಪಂಜಾಬಿ, ಮೆಗಾಫೋನ್ ಎಂಬ ಹೆಸರುಗಳು ಬಾಯಿಪಾಠ. ಇವೆಲ್ಲ ಕಂಪನಿಯ ಸೈಲೆನ್ಸರ್ ಬಿಚ್ಚಿ ಅದರ ಜಾಗಕ್ಕೆ ಹಾಕಿಸುವ ಕೊಳವೆಗಳು. ಹೈದರಾಬಾದಿನ ಟ್ರಾಫಿಕ್ ಪೊಲೀಸರು ಇಂಥವನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಹರಡಿ ರೋಡ್ ರೋಲರ್ ಹರಿಸಿದ್ದುಂಟು. ಆದರೂ ರಾತ್ರಿ ಹತ್ತರ ಮೇಲೆ ಟ್ಯಾಂಕ್ ಬಂಡ್ ಕಡೆಗೋ ದುರ್ಗಂ ಚೆರುವಿನ ಕೇಬಲ್ ಸೇತುವೆಯ ಕಡೆಗೋ ಹೋದವರಿಗೆ ಆ ಗುಡುಗು ಹೊಸದಲ್ಲ. ಸದ್ದು ಹೆಚ್ಚಿದಷ್ಟೂ ಗಾಡಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆ ದಂಡದ ಭಯವನ್ನು ಮೀರಿಸಿದೆ. ಆ ನಂಬಿಕೆಯಲ್ಲಿ ಸತ್ಯ ಎಷ್ಟಿದೆ ಎಂದು ತೂಗಿ ನೋಡುವುದು ಕಷ್ಟವೇನಲ್ಲ.

ಎಂಜಿನ್ನಿನೊಳಗೆ ಪೆಟ್ರೋಲ್ ಉರಿದಾದ ಮೇಲೆ ಎಗ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಒತ್ತಡ ಇನ್ನೂ ಇಳಿಯದ ಬಿಸಿ ಹೊಗೆ ಒಮ್ಮೆಲೇ ಹೊರನುಗ್ಗುತ್ತದೆ. ಆ ಒತ್ತಡದ ಪೆಟ್ಟೇ ಸದ್ದು. ನಿಮಿಷಕ್ಕೆ 3000 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಸೆಕೆಂಡಿಗೆ 25 ಬಾರಿ ಹೀಗೆ ಹೊಡೆಯುತ್ತದೆ. ಸೈಲೆನ್ಸರಿನ ಹೊಟ್ಟೆಯಲ್ಲಿ ಕೋಣೆಗಳಿವೆ, ತೂತು ಕೊರೆದ ನಳಿಗೆಗಳಿವೆ. ಕಿರಿದಾದ ನಳಿಗೆಯಿಂದ ಅಗಲವಾದ ಕೋಣೆಗೆ ಬಂದ ಅಲೆ ಹಿಗ್ಗುತ್ತದೆ, ಗೋಡೆಗೆ ತಾಗಿ ಹಿಂದಿರುಗುತ್ತದೆ, ಎದುರು ಬರುವ ಅಲೆಯನ್ನು ಸೇರುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂಡಿದರೆ ಎರಡೂ ಅಡಗುತ್ತವೆ. ಹೊಗೆಯನ್ನು ಬಿಟ್ಟು ಅಲೆಯನ್ನಷ್ಟೇ ಹಿಡಿದಿಡುವ ಜಾಣ ಏರ್ಪಾಡು ಇದು.

ಈ ಸುತ್ತುಬಳಸಿನಲ್ಲಿ ಹೊಗೆಗೂ ತುಸು ತಡೆಯಾಗುತ್ತದೆ, ಸುಳ್ಳಲ್ಲ. ಆದರೆ ಬೈಕ್ ರೂಪಿಸಿದವರು ಆ ತಡೆಯನ್ನೂ ಲೆಕ್ಕಕ್ಕೆ ಹಿಡಿದೇ ಪೆಟ್ರೋಲ್ ಮತ್ತು ಗಾಳಿಯ ಹದ ಗೊತ್ತುಮಾಡಿರುತ್ತಾರೆ. ಹದ ಬದಲಿಸದೆ ಪೊಳ್ಳು ಕೊಳವೆ ಸಿಕ್ಕಿಸಿದರೆ ಸಿಗುವ ಲಾಭ ಅತ್ಯಲ್ಪ. ಕೆಲವೊಮ್ಮೆ ಕಡಿಮೆ ವೇಗದಲ್ಲಿ ಎಳೆತವೇ ತಗ್ಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಂತೂ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅದೇ ದಾರಿಯಲ್ಲಿರುತ್ತದೆ. ಅದನ್ನೂ ಕಿತ್ತರೆ ಕಿವಿಯ ಜೊತೆ ಶ್ವಾಸಕೋಶಕ್ಕೂ ಕುತ್ತು.

ಇಂಥದೇ ಗದ್ದಲದ ಇನ್ನೊಂದು ಯಂತ್ರವಾದ ಚೈನ್‌ಸಾ ಮಾತು ಸ್ವಲ್ಪ ಬೇರೆ. ಮಳೆಗಾಲದ ಮುಂಚಿನ ಗಾಳಿಗೆ ಹೈದರಾಬಾದಿನ ರಸ್ತೆಗಳಲ್ಲಿ ಮರ ಉರುಳಿದಾಗ ತೆರವಿನ ಸಿಬ್ಬಂದಿ ಹಿಡಿದು ಬರುವುದು, ಮಲೆನಾಡಿನ ತೋಟಗಳಲ್ಲಿ ಮರ ಕೊಯ್ಯುವವರ ಕೈಯಲ್ಲಿರುವುದು ಸಾಮಾನ್ಯವಾಗಿ ಟೂ ಸ್ಟ್ರೋಕ್ ಯಂತ್ರ. ಅದರಲ್ಲಿ ಹಳೆಯ ಹೊಗೆ ಹೋಗುವುದೂ ಹೊಸ ಮಿಶ್ರಣ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುವುದರಿಂದ, ಮಫ್ಲರಿನ, ಅಂದರೆ ಅದರ ಸೈಲೆನ್ಸರಿನ, ಬಾಯಿ ಅಗಲಿಸಿದರೆ ಶಕ್ತಿ ನಿಜಕ್ಕೂ ಅಷ್ಟಿಷ್ಟು ಏರುತ್ತದೆ. ಆದರೆ ಕಾರ್ಬ್ಯುರೇಟರನ್ನು ಮತ್ತೆ ಟ್ಯೂನ್ ಮಾಡದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೇ ಬರುವ ಆಯಿಲ್ ಕೂಡ ಸಾಲದೆ ಪಿಸ್ಟನ್ ಸೀಜ್ ಆಗುತ್ತದೆ. ಕಿಡಿ ತಡೆಯುವ ಜಾಲರಿಯನ್ನು ತೆಗೆದುಹಾಕಿದರೆ ಒಣ ತರಗೆಲೆಗೆ ಬೆಂಕಿ ಹತ್ತುವ ಅಪಾಯ. ಯಂತ್ರ ಎಳೆಯುತ್ತಿಲ್ಲ ಎಂದು ಮಫ್ಲರ್ ಕೊರೆಯಲು ಹೊರಟವರು ಮೊದಲು ಆ ಜಾಲರಿಯನ್ನು ಬಿಚ್ಚಿ ನೋಡಬೇಕು. ಎಷ್ಟೋ ಸಲ ಅದಕ್ಕೆ ಮಸಿ ಕಟ್ಟಿರುತ್ತದೆ. ಬ್ರಷ್‌ನಿಂದ ಉಜ್ಜಿ ಮತ್ತೆ ಕೂರಿಸಿದರೆ ಹೋದ ಶಕ್ತಿ ಮರಳುತ್ತದೆ.

ಇನ್ನು ಸದ್ದೇ ಶಕ್ತಿ ಎಂಬ ಮಾತು. ಮಧ್ಯಮ ಗಾತ್ರದ ಚೈನ್‌ಸಾ ಎಂಜಿನ್ 2000ದಿಂದ 3000 ವಾಟ್ ಶಕ್ತಿ ಕೊಡುತ್ತದೆ. ಅದು ಹೊರಚೆಲ್ಲುವ ಒಟ್ಟು ಸದ್ದು ತಯಾರಕರ ಕೈಪಿಡಿಗಳಲ್ಲಿ ಸುಮಾರು 110ರಿಂದ 115 ಡೆಸಿಬಲ್ ಎಂದಿರುತ್ತದೆ. ಈ ಅಳತೆಯಲ್ಲಿ 120 ಡೆಸಿಬಲ್ ಎಂದರೆ ಒಂದು ವಾಟ್. 115 ಎಂದರೆ ಅದರ ಮೂರನೆಯ ಒಂದು ಪಾಲು. ಇಡೀ ಕೇರಿಯನ್ನು ಎಬ್ಬಿಸುವ ಆರ್ಭಟವನ್ನೆಲ್ಲ ಒಟ್ಟುಗೂಡಿಸಿದರೂ ಮಲಗುವ ಕೋಣೆಯ ಜೀರೋ ಬಲ್ಬ್ ಬೆಳಗಲು ಸಾಲದು. ಸದ್ದು ಕಟ್ಟಿಹಾಕಿದರೆ ಎಂಜಿನ್ನಿಗೆ ಉಳಿತಾಯವೂ ಇಲ್ಲ, ಬಿಟ್ಟರೆ ಗಳಿಕೆಯೂ ಇಲ್ಲ.

ಅಷ್ಟು ಅಲ್ಪವಾದದ್ದು ಅಷ್ಟು ಜೋರಾಗಿ ಕೇಳಿಸುವುದು ಕಿವಿಯ ಸೂಕ್ಷ್ಮತೆಯಿಂದ. ಚದರ ಮೀಟರಿಗೆ ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲು ಬಿದ್ದರೂ ಆರೋಗ್ಯವಂತ ಕಿವಿ ಅದನ್ನು ಗುರುತಿಸುತ್ತದೆ. ಇದನ್ನು ಮಾಡುವುದು ಒಳಕಿವಿಯ ಕಾಕ್ಲಿಯಾದಲ್ಲಿರುವ ಸುಮಾರು 15,000 ರೋಮಕೋಶಗಳು. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ಗದ್ದಲದ ಪೆಟ್ಟು ಮೊದಲು ತಾಗುವುದು 4000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಹಿಡಿಯುವ ಕೋಶಗಳಿಗೆ. ಸ, ಶ, ಫದಂಥ ವ್ಯಂಜನಗಳ ಗುರುತು ಇರುವುದು ಇಂಥ ಎತ್ತರದ ಸ್ವರಗಳಲ್ಲೇ. ಹಾಗಾಗಿ ಆ ಕೋಶಗಳನ್ನು ಕಳೆದುಕೊಂಡವರಿಗೆ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಮನೆಯವರು ಗೊಣಗುತ್ತಾರೆ ಎಂಬ ದೂರು ಶುರುವಾಗುವುದು ಆಗಲೇ. 2009ರಲ್ಲಿ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ಕಟುಸತ್ಯ ತೋರಿಸಿತು: ಗದ್ದಲದ ನಂತರ ಮಂದವಾದ ಕಿವಿ ಕೆಲವು ದಿನಗಳಲ್ಲಿ ಸರಿಹೋದಂತೆ ಕಂಡರೂ, ರೋಮಕೋಶವನ್ನು ನರಕ್ಕೆ ಜೋಡಿಸುವ ಸಂಧಿಗಳು ಕಾಯಮ್ಮಾಗಿ ನಾಶವಾಗಿದ್ದವು.

ಸೈಲೆನ್ಸರಿನ ಚರಿತ್ರೆಯಲ್ಲೂ ಇಂಥದೊಂದು ಕಿವಿಯ ಕಥೆಯಿದೆ. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಬಂದೂಕಿನ ಸದ್ದಿಗೇ ಕಿವಿ ಕಳೆದುಕೊಂಡರು. 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದು, ಮುಂದೆ ಅದೇ ತತ್ತ್ವವನ್ನು ಎಂಜಿನ್ನುಗಳಿಗೂ ಅಳವಡಿಸಿದ್ದು ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್.

ಈಗ ಕೊಡು ಕೊಳ್ಳುವ ಲೆಕ್ಕ. ಕಿವಿಯ ಬಳಿ ಅಳೆದಾಗ ದಿನಕ್ಕೆ 8 ಗಂಟೆ 85 ಡೆಸಿಬಲ್ ಎಂಬುದು ತಜ್ಞರು ಒಪ್ಪಿದ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಸದ್ದಿನ ಶಕ್ತಿ ಇಮ್ಮಡಿ, ಕಿವಿಗೆ ಸಿಗುವ ಸಮಯ ಅರ್ಧ. 100 ಡೆಸಿಬಲ್ಲಿಗೆ 15 ನಿಮಿಷ. ಮಫ್ಲರ್ ಕೊರೆದು ಇನ್ನು 6 ಸೇರಿಸಿದರೆ ಉಳಿಯುವುದು 4 ನಿಮಿಷಕ್ಕೂ ಕಡಿಮೆ. ಇಯರ್ ಮಫ್ ಹಾಕಿಕೊಂಡವನಿಗೂ ಸಮಯದ ಕಡಿತ ಇದೇ ಪ್ರಮಾಣದ್ದು. ಹಾಕಿಕೊಳ್ಳದವರ ಗತಿ ಏನು? ಹಗ್ಗ ಹಿಡಿದು ಪಕ್ಕದಲ್ಲಿ ನಿಂತ ಕೂಲಿಯಾಳಿಗೆ, ಪಂಜಾಗುಟ್ಟ ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಕಾನ್‌ಸ್ಟೆಬಲ್‌ಗೆ ಆ ಶೋಕಿಯಲ್ಲಿ ಪಾಲಿಲ್ಲ, ನಷ್ಟದಲ್ಲಿ ಮಾತ್ರ ಇದೆ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕಾನೂನೂ ಅವರ ಪರವಾಗಿಯೇ ಇದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಗದ್ದಲದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಚೈನ್‌ಸಾ ಹಿಡಿಯುವವರು, ಅವರ ಜೊತೆ ನಿಲ್ಲುವವರು ಇಯರ್ ಮಫ್ ಇಲ್ಲದೆ ಯಂತ್ರ ಚಾಲೂ ಮಾಡಬೇಡಿ. ಕೆಲಸ ಮುಗಿದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅಂದಿನ ಗದ್ದಲ ಮಿತಿ ಮೀರಿತ್ತು ಎಂದೇ ತಿಳಿಯಿರಿ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯ ಕೇಂದ್ರವಿದೆ, ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗದ್ದಲದ ನಡುವೆ ದುಡಿಯುವವರು ವರ್ಷಕ್ಕೊಮ್ಮೆಯಾದರೂ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ.